ನಲ್ಲಿ ಮುಂದಿನ ಮುಖ

ಬೆಳಿಗ್ಗೆಯಿಂದ ಪ್ರೇಮವ್ವನಿಗೆ ಒಂದು ಗುಟುಕು ನೀರು ಕೊಟ್ಟಿರಲಿಲ್ಲ.

ಮರೆತಿದ್ದರು ಅಂತಲ್ಲ. ಬೇಕೆಂದೇ ಕೊಟ್ಟಿರಲಿಲ್ಲ. ಬಾಯಾರಿಕೆ ನಿಜವಾಗಿ ಕಾಣಬೇಕು, ಶಾಟ್ ಮುಗಿಯುವವರೆಗೆ ಅವಳ ಹತ್ತಿರ ಯಾರೂ ನೀರು ಒಯ್ಯಬೇಡಿ ಎಂದು ಡೈರೆಕ್ಟರ್ ಹೇಳಿದ್ದ.

ಎರಡು ಸಾವಿರದ ಆರರ ಆಗಸ್ಟ್. ಲಾಸ್ ಏಂಜಲೀಸಿನ ಹತ್ತಿರ, ಸ್ಯಾಂಟಾ ಕ್ಲಾರಿಟಾದ ಗುಡ್ಡಗಳ ಮೇಲೆ ಹುಲ್ಲು ಒಣಗಿ ಸಿಡಿಯುತ್ತಿತ್ತು. ಅದರ ನಡುವೆ ಎರಡೇ ದಿನದಲ್ಲಿ ಹನ್ನೆರಡು ತಗಡಿನ ಗುಡಿಸಲು ಎದ್ದಿದ್ದವು. ಅವುಗಳಿಗೆ ಮುಂದಿನ ಗೋಡೆ ಇತ್ತು, ಹಿಂದಿನದು ಇರಲಿಲ್ಲ. ಗುಡಿಸಲುಗಳ ಮುಂದೆ ಹೊಚ್ಚ ಹೊಸ ನಲ್ಲಿ. ನಲ್ಲಿಯ ಬೆನ್ನಿಗೆ ಒಂದು ರಬ್ಬರ್ ಪೈಪು, ಪೈಪಿನ ಕೊನೆಗೆ ಕ್ಯಾಮೆರಾಕ್ಕೆ ಕಾಣದಂತೆ ನಿಲ್ಲಿಸಿದ ನೀರಿನ ಲಾರಿ.

ಪ್ರೇಮವ್ವನ ಸೀರೆ ಬಿಡಿಸಿ ಹೂವಿನ ಲಂಗ ಉಡಿಸಿದ್ದರು. ತಲೆಗೆ ಬಟ್ಟೆ ಬಿಗಿದಿದ್ದರು. ತಲೆ ಮೇಲೆ ಪ್ಲಾಸ್ಟಿಕ್ ಬಕೆಟ್. ಏಳು ಗಂಟೆಯಿಂದ ಅದೇ ಇಪ್ಪತ್ತು ಹೆಜ್ಜೆ ನಡೆದು ನಡೆದು ಅವಳ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಅವಳು ನಟಿಯಲ್ಲ. ಲಿಂಗಸುಗೂರು ಕಡೆಯ ಹೊಲೇರ ಹೆಣ್ಣುಮಗಳು. ಹತ್ತಿರದ ಬರ್ಬ್ಯಾಂಕಿನಲ್ಲಿ ಜಾಹೀರಾತು ಚಿತ್ರ ಮಾಡಿಸಿಕೊಡುವ ಬೆಂಗಳೂರಿನ ಅರವಿಂದನ ಸ್ಯಾಂಟಾ ಕ್ಲಾರಿಟಾದ ಮನೆಯಲ್ಲಿ ಮೂರು ವರ್ಷದಿಂದ ಅಡುಗೆಗಿದ್ದವಳು. ಅವನ ಹೆಂಡತಿ ಕುಮುದಾ ಆಫೀಸಿಗೆ ಹೋಗುತ್ತಿದ್ದಳು. ಇಬ್ಬರೂ ಪ್ರೇಮವ್ವನನ್ನು 'ನೀವು' ಎಂದೇ ಕರೆಯುತ್ತಿದ್ದರು. ಅವಳ ಲೋಟ ಮಾತ್ರ ಗ್ಯಾರೇಜಿನ ಗೂಡಿನಲ್ಲಿ ಬೇರೆ ಇರುತ್ತಿತ್ತು. ಅವಳ ಪಾಸ್‌ಪೋರ್ಟ್ ಅರವಿಂದನ ಬೀರುವಿನಲ್ಲಿ ಇರುತ್ತಿತ್ತು.

"ಪ್ರೇಮವ್ವ, ನಾಳೆ ಅಡುಗೆ ಬೇಡ, ನನ್ ಜೊತೆ ಬನ್ನಿ," ಎಂದಿದ್ದ ಅವನು. "ಒಂದು ನೀರಿನ ಆಡ್ ಮಾಡ್ತಿದೀವಿ. ಬರಬೇಕಾಗಿದ್ದವರು ಕೈ ಕೊಟ್ಟಿದಾರೆ. ನಿಮ್ಮ ಕಲರ್ ಕರೆಕ್ಟಾಗಿದೆ."

"ನನ್ನ ಬಣ್ಣ ಸರಿ ಐತಿ ಅಂತ ಅಂದವ್ರು ನೀವ ಮೊದಲಿಗರು ನೋಡ್ರಿ," ಎಂದು ಪ್ರೇಮವ್ವ ನಕ್ಕಿದ್ದಳು.

ಒಂದು ಕಾಗದ ಮುಂದಿಟ್ಟ. ಲೈಬ್ರರಿಯಲ್ಲಿ ನಡೆಯುವ ಸಂಜೆ ತರಗತಿಗೆ ಹೋಗಿ ಅವಳು ಒಂದಿಷ್ಟು ಇಂಗ್ಲಿಷ್ ಕಲಿತಿದ್ದಳು. ಸಹಿ ಮಾಡುವುದನ್ನು ಕಲಿತು ಇನ್ನೂ ತಿಂಗಳಾಗಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಹೆಮ್ಮೆಯಿಂದ ಬರೆದಳು. ಮೇಲೆ ಏನಿದೆ ಎಂದು ಕೇಳಲಿಲ್ಲ.

"ಆ್ಯಕ್ಷನ್."

ಪ್ರೇಮವ್ವ ನಡೆದಳು. ಬಕೆಟ್ ಇಳಿಸಿದಳು. ನಲ್ಲಿ ತಿರುವಿದಳು. ನಲ್ಲಿಯಿಂದ ಒಂದು ಮೊಳ ದೂರ ನಿಂತು, ಸೊಂಟ ಬಗ್ಗಿಸಿ, ಬೊಗಸೆ ಒಡ್ಡಿದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಊರ ಬಾವಿಯ ಹತ್ತಿರ ಮೇಲಿನವರು ಎತ್ತರದಿಂದ ನೀರು ಹೊಯ್ಯುವಾಗ, ಅವರ ಕೊಡಕ್ಕೆ ಕೈ ತಾಗದಂತೆ ಕೇರಿಯವರು ಹಾಗೇ ನಿಲ್ಲುತ್ತಿದ್ದರು. ಊರು ಬಿಟ್ಟು ಎಷ್ಟು ವರ್ಷವಾದರೂ ಮೈ ಅದನ್ನು ಮರೆತಿರಲಿಲ್ಲ.

ನೀರು ಬಾಯಿಗೆ ಬಿತ್ತು. ಗಂಟಲಿಗಿಳಿಯಿತು. ಅವಳು ತಲೆ ಎತ್ತಿ ನಕ್ಕಳು. ಆ ನಗು ಸುಳ್ಳಲ್ಲ. ಆರು ಗಂಟೆ ನೀರಿಲ್ಲದೆ ನಿಂತವಳ ನಗು.

ಡೈರೆಕ್ಟರ್ ಚಪ್ಪಾಳೆ ತಟ್ಟಿದ. ಕುಡಿಯುವ ಶಾಟ್ ಒಂದೇ ಟೇಕಿಗೆ ಮುಗಿಯಿತು.

ನೆರಳಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ತಾಂಡೇಕಾ ಅಂತ ಅವಳ ಹೆಸರು. ದಕ್ಷಿಣ ಆಫ್ರಿಕಾದವಳು. ಲಾಸ್ ಏಂಜಲೀಸಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಅವಳದು. ಬಕೆಟ್ ಹೊರುವುದು ಹೇಗೆಂದು ತೋರಿಸಲು, ಆಮೇಲೆ ಚಿತ್ರಕ್ಕೆ ದನಿ ಕೊಡಲು ಅವಳನ್ನು ಕರೆಸಿದ್ದರು. ಇಬ್ಬರದೂ ಕಲಿತ ಇಂಗ್ಲಿಷು. ನಿಧಾನವಾಗಿ ಆಡಿದರು, ಅದಕ್ಕೇ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯಿತು.

"ನಿನಗೆ ಕಲಿಸಲು ನನ್ನ ಹತ್ತಿರ ಏನೂ ಇಲ್ಲ. ಇದನ್ನೆಲ್ಲ ಎಲ್ಲಿ ಕಲಿತೆ?" ಎಂದಳು ತಾಂಡೇಕಾ.

"ಊರಲ್ಲಿ. ಇದು ಯಾವ ನೀರಿನ ಜಾಹೀರಾತು? ಬಾಟಲಿ ನೀರೇ?"

ತಾಂಡೇಕಾ ಅವಳ ಮುಖವನ್ನೇ ನೋಡಿದಳು. "ನಿನಗೆ ಹೇಳಿಲ್ಲವೇ? ಇದು ನಮ್ಮ ಪ್ರಾಂತ್ಯ ಸರ್ಕಾರಕ್ಕೆ ತೋರಿಸಲು ಮಾಡುವ ಚಿತ್ರ. ವರ್ಣಭೇದ ನೀತಿ ಹೋದ ಮೇಲೆ ಏನೇನು ಸಾಧನೆ ಆಯಿತು, ಏನೇನು ಸವಾಲು ಉಳಿಯಿತು ಅಂತ. ಸ್ಯಾನ್ ಡಿಯೇಗೊದ ಒಂದು ಕಂಪನಿ ಮಾಡಿಸುತ್ತಿದೆ. ಅದರಲ್ಲಿ ನೀನು ನಮ್ಮೂರ ಹೆಂಗಸು. ಈಗ ನಿನಗೆ ನೀರು ಬಂದಿದೆ."

"ನಿಮ್ಮೂರಿಗೆ ನೀರು ಬಂದಿಲ್ಲವೇ?"

"ಬಂದಿದೆ, ಸುಳ್ಳು ಹೇಳಬಾರದು. ಮೊದಲ ಸಲ ಓಟು ಹಾಕುವಾಗ ನನ್ನ ತಾಯಿ ನಸುಕಿನಿಂದ ಸಂಜೆವರೆಗೆ ಸಾಲಿನಲ್ಲಿ ನಿಂತಿದ್ದಳು. ಆಮೇಲೆ ಮನೆ ಕಟ್ಟಿಕೊಟ್ಟರು. ಲೈಟು ಬಂತು. ನಲ್ಲಿಯೂ ಬಂತು. ಊರೆಲ್ಲ ಕುಣಿಯಿತು." ತಾಂಡೇಕಾ ಬೆರಳಿನಿಂದ ಗಾಳಿಯಲ್ಲಿ ಒಂದು ಚೌಕ ಬರೆದಳು. "ಆಮೇಲೆ ನಲ್ಲಿಗೆ ಪೆಟ್ಟಿಗೆ ಕೂರಿಸಿದರು. ಅದರೊಳಗೆ ದುಡ್ಡು ಕಟ್ಟಿ ತಂದ ನೀಲಿ ಕಾರ್ಡು ತುರುಕಿದರೆ ನೀರು. ತಿಂಗಳ ನಡುವೆ ಕಾರ್ಡು ಖಾಲಿಯಾಗುತ್ತದೆ. ನನ್ನ ತಂಗಿ ಈಗ ಮತ್ತೆ ಹಳ್ಳಕ್ಕೇ ಹೋಗುತ್ತಾಳೆ, ಮನೆ ಮುಂದೆ ನಲ್ಲಿ ಇಟ್ಟುಕೊಂಡು. ಆ ಪೆಟ್ಟಿಗೆ ಮಾಡುವುದು ಇದೇ ಕಂಪನಿ. ಈ ಚಿತ್ರ ನೋಡಿ ಸರ್ಕಾರದವರು ಒಪ್ಪಿದರೆ ಇಡೀ ಪ್ರಾಂತ್ಯಕ್ಕೆ ಅದನ್ನೇ ಹಾಕುತ್ತಾರೆ."

"ಅದು ಚಿತ್ರದಲ್ಲಿ ಬರುತ್ತದೆಯೇ?"

"ಉಳಿದ ಸವಾಲು ಅಂತ ಕೊನೆಗೆ ಅರ್ಧ ನಿಮಿಷ ಇದೆ. ಸೂರ್ಯ ಮುಳುಗುವುದನ್ನು ತೋರಿಸುತ್ತಾರೆ."

ಪ್ರೇಮವ್ವನಿಗೆ ತನ್ನ ಊರಿನ ನಲ್ಲಿ ನೆನಪಾಯಿತು. 

ಅವಳ ಅವ್ವ ಬಸಲಿಂಗವ್ವ. ಪ್ರೇಮವ್ವ ಚಿಕ್ಕವಳಿದ್ದಾಗ ಒಂದು ದಿನ ಕೇರಿಗೆ ಜೀಪು ಬಂತು. ಒಂದು ಪೈಪು ನೆಟ್ಟರು, ನಲ್ಲಿ ಹಚ್ಚಿದರು, ಟ್ಯಾಂಕರಿನಿಂದ ನೀರು ಬಿಟ್ಟರು. ಅವ್ವನನ್ನು ಮುಂದೆ ಕರೆದು ಕುಡಿಸಿದರು. ಅವ್ವ ನಕ್ಕಳು. ಫೋಟೋ ತೆಗೆದು ಬೆಂಗಳೂರಿಗೂ ಕಳಿಸಿದರು. ಮರುದಿನ ನಲ್ಲಿ ಇತ್ತು, ನೀರಿರಲಿಲ್ಲ. ಕೇರಿಯವರು ಅರ್ಜಿ ಬರೆಸಿದರು. ಸಾಹೇಬ ಫೈಲು ತೆಗೆದು ಅದೇ ಫೋಟೋ ತೋರಿಸಿದ. "ಕುಡಿಯಾಕಿ ನಿಮ್ಮಾಕಿ ಅಲ್ಲೇನು? ನಗಾಕತ್ತಾಳಲ್ಲ. ನೀರು ಬಂದೈತಿ ಅಂತ ಬರೆದಾಗೇತಿ." ಆಮೇಲೆ ಹತ್ತು ವರ್ಷ, ಯಾವ ಅರ್ಜಿ ಹೋದರೂ ಅವ್ವನ ಮುಖವೇ ಅಡ್ಡ ಬಂತು. ಕೇರಿಯ ಹೆಂಗಸರು ಅವ್ವನ ಹತ್ತಿರ ಮಾತು ಬಿಟ್ಟರು. "ನಕ್ಕಿದ್ದು ನಂದ ತಪ್ಪು" ಎನ್ನುತ್ತಲೇ ಅವ್ವ ಸತ್ತಳು.

ಪ್ರೇಮವ್ವ ಅಷ್ಟನ್ನೂ ತಾಂಡೇಕಾಗೆ ಹೇಳಿದಳು. ಹೇಳಿ, ಕೇಳಿದಳು: "ನೀನು ದನಿ ಕೊಡುತ್ತೀಯಾ?"

"ಕೊಟ್ಟಾಗಿದೆ. ಮೊನ್ನೆ ಬರ್ಬ್ಯಾಂಕಿನಲ್ಲಿ." ತಾಂಡೇಕಾ ತಲೆ ತಗ್ಗಿಸಿದಳು. "ನೀನು ಮುಖ ಕೊಟ್ಟೆ, ನಾನು ದನಿ ಕೊಟ್ಟೆ. ನನ್ನ ತಂಗಿಗೆ ಏನು ಹೇಳಲಿ?"

ಅಂದು ಮನೆಗೆ ಬಂದವಳೇ ಪ್ರೇಮವ್ವ ಅರವಿಂದನ ಮುಂದೆ ನಿಂತಳು.

"ಸಾಹೇಬ್ರ, ಆ ಚಿತ್ರದಾಗ ನನ್ನ ಮುಖ ಬ್ಯಾಡ್ರಿ. ತೆಗೆದುಬಿಡ್ರಿ."

"ಸೈನ್ ಮಾಡಿದೀರಲ್ಲ ಪ್ರೇಮವ್ವ?"

"ಏನಂತ ಹೇಳಿ ಮಾಡಿಸಿಕೊಂಡ್ರಿ?"

"ಅಯ್ಯೋ, ಅದೆಲ್ಲೋ ಆಫ್ರಿಕಾ. ಅಲ್ಲಿ ನಿಮ್ಮನ್ನ ಯಾರು ಗುರುತು ಹಿಡೀತಾರೆ?"

"ನಮ್ಮವ್ವನ್ನೂ ಬೆಂಗಳೂರಾಗ ಯಾರೂ ಗುರ್ತು ಹಿಡೀಲಿಲ್ರಿ. ಅದಕ್ಕ ಅವರ ಕೆಲಸ ಆತು."

ಕುಮುದಾ ಟಿವಿಯ ಸದ್ದು ಕಡಿಮೆ ಮಾಡಿದಳು. "ಪ್ರೇಮವ್ವ, ಫೇಮಸ್ ಆಗ್ತೀರಿ ಬಿಡಿ. ಎಲ್ಲರಿಗೂ ಸಿಗುತ್ತಾ ಇಂಥ ಚಾನ್ಸು?"

"ನೀವ ನಿಲ್ರಿ ಅಮ್ಮಾರ, ನಿಮಗೂ ಚಾನ್ಸ್ ಸಿಗಲಿ."

ಅರವಿಂದನ ಮುಖ ಗಟ್ಟಿಯಾಯಿತು. "ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಊರಿಗೆ ಹೋಗಬೇಕು ಅಂದಿದ್ರಲ್ಲ? ಪಾಸ್‌ಪೋರ್ಟ್ ಆಗ ಕೊಡ್ತೀನಿ. ಅಲ್ಲೀವರೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅವಳು ಗ್ಯಾರೇಜಿಗೆ ಹೋಗಿ ತನ್ನ ಲೋಟ ಹಿಡಿದು ಕುಳಿತಳು. ಮಗಳ ಹೊಟ್ಟೆ ನೆನಪಾಯಿತು. ನಕ್ಕ ಅವ್ವನ ಬಾಯಿ ನೆನಪಾಯಿತು. ಎರಡರ ನಡುವೆ ಮೂರು ವಾರ ಬೆಂದಳು.

ಸೆಪ್ಟೆಂಬರಿನಲ್ಲಿ, ಚಿತ್ರ ನೋಡಿ ಒಪ್ಪಂದಕ್ಕೆ ಸಹಿ ಹಾಕಲು, ದಕ್ಷಿಣ ಆಫ್ರಿಕಾದ ಆ ಪ್ರಾಂತ್ಯದವರು ಸ್ಯಾನ್ ಡಿಯೇಗೊಗೆ ಬಂದರು. ಅಲ್ಲಿನ ಸೊರೆಂಟೊ ವ್ಯಾಲಿಯಲ್ಲಿ ಕಂಪನಿಯ ಸಭಾಂಗಣ. ಗಾಜಿನ ಗೋಡೆ, ಹೊರಗೆ ಸಾಲಾಗಿ ಕಾರುಗಳು. ಊಟ ಇಂಡಿಯನ್ ಇರಲಿ ಎಂದು ಯಾರೋ ಅಂದದ್ದೇ ಸಾಕು, ಅರವಿಂದ ಪ್ರೇಮವ್ವನನ್ನು ಬೆಳಗಾಗುವ ಮೊದಲೇ ವ್ಯಾನಿನಲ್ಲಿ ಕೂರಿಸಿಕೊಂಡು ಬಂದಿದ್ದ. ಎಂಬತ್ತು ಜನಕ್ಕೆ ಒಬ್ಬಳೇ ಬೇಯಿಸಿದಳು.

"ಅಡುಗೆಮನೆ ಬಿಟ್ಟು ಹೊರಗೆ ಬರಬೇಡಿ," ಎಂದ. "ಗುರುತು ಹಿಡಿದಾರು."

"ಯಾರೂ ಗುರ್ತು ಹಿಡಿಯೂದಿಲ್ಲ ಅಂದಿದ್ರಿ."

ಅವನು ಬಾಗಿಲು ಎಳೆದುಕೊಂಡು ಹೋದ.

ಅಡುಗೆಮನೆಯ ಬಾಗಿಲಿಗೆ ದುಂಡನೆಯ ಗಾಜು ಇತ್ತು. ಪ್ರೇಮವ್ವ ಅದರಲ್ಲಿ ನೋಡಿದಳು. ಮುಂದಿನ ಸಾಲಿನಲ್ಲಿ ಪ್ರಾಂತ್ಯದವರು. ನಡುವೆ ದಪ್ಪ ಕನ್ನಡಕದ ಒಬ್ಬ ಮುದುಕಿ, ಎಲ್ಲರೂ ಅವಳ ಕಡೆಗೇ ಬಾಗುತ್ತಿದ್ದರು. ಅವಳೇ ಅವರ ಮುಖ್ಯಸ್ಥೆ. ಹೊರಬಾಗಿಲ ಬಳಿ ಮಣಿಸರ ಹಾಕಿಸಿ ತಾಂಡೇಕಾಳನ್ನು ನಿಲ್ಲಿಸಿದ್ದರು, ಬಂದವರಿಗೆ ಹೂ ಕೊಡಲು.

ದೀಪ ಆರಿತು. ಪರದೆಯ ಮೇಲೆ ಮನೆಗಳು ಬಂದವು, ಶಾಲೆಗಳು ಬಂದವು, ಲೈಟು ಕಂಬಗಳು ಬಂದವು. ಅವೆಲ್ಲ ನಿಜದವು. ಆಮೇಲೆ ಸ್ಯಾಂಟಾ ಕ್ಲಾರಿಟಾದ ಗುಡ್ಡ. ಲಂಗ ಉಟ್ಟ ಪ್ರೇಮವ್ವ. ಬೊಗಸೆ. ನೀರು. ತಾಂಡೇಕಾಳ ದನಿ ಹೇಳಿತು: "ಮೊದಲು ನಾನು ಹಳ್ಳಕ್ಕೆ ನಡೆಯುತ್ತಿದ್ದೆ. ಈಗ ಬೇಕಾದಾಗ ನೀರು. ನಮ್ಮ ಬವಣೆ ಮುಗಿಯಿತು."

ಸೂರ್ಯ ಮುಳುಗಿದ. ಕೊನೆಗೆ ಅವಳ ನಗುವ ಮುಖ ಪರದೆ ತುಂಬ ನಿಂತಿತು. ಚಪ್ಪಾಳೆ.

ಆ ಚಪ್ಪಾಳೆಯಲ್ಲಿ ಪ್ರೇಮವ್ವ ಬಾಗಿಲು ತಳ್ಳಿದಳು. ಕೈಯಲ್ಲಿ ಸೌಟು ಇತ್ತು, ಇಡುವುದು ಮರೆತಿತ್ತು. ಸೀದಾ ನಡೆದು ಪರದೆಯ ಮುಂದೆ ನಿಂತಳು. ಅವಳ ತಲೆಯ ಹಿಂದೆ ಅವಳದೇ ತಲೆ, ಹತ್ತು ಪಟ್ಟು ದೊಡ್ಡದು, ನಗುತ್ತಿತ್ತು. ಇವಳು ನಗುತ್ತಿರಲಿಲ್ಲ.

"ನನ್ನ ಹೆಸರು ಪ್ರೇಮವ್ವ," ಎಂದಳು ತಾನು ಕಲಿತ ಇಂಗ್ಲಿಷಿನಲ್ಲಿ. "ನನ್ನ ದೇಶ ಇಂಡಿಯಾ. ನಾನು ಅಡುಗೆಯವಳು. ಆಫ್ರಿಕಾ ನೋಡಿಲ್ಲ."

ಮುಂದಿನ ಸಾಲಿನ ತಲೆಗಳು ಪರದೆಯ ಮುಖದಿಂದ ಅವಳ ಮುಖಕ್ಕೆ ತಿರುಗಿದವು.

"ಆ ನಲ್ಲಿ ಸುಳ್ಳು. ಹಿಂದೆ ಲಾರಿ ಇತ್ತು. ಬೆಳಿಗ್ಗೆಯಿಂದ ನನಗೆ ನೀರು ಕೊಡಲಿಲ್ಲ. ಅದಕ್ಕೆ ನಕ್ಕೆ."

ಬಾಗಿಲ ಬಳಿ ಹೂವಿನ ಬುಟ್ಟಿ ಕೆಳಗಿಟ್ಟು ತಾಂಡೇಕಾ ಮುಂದೆ ಬಂದಳು. "ದನಿ ನನ್ನದು," ಎಂದಳು. ಆಮೇಲೆ ತಮ್ಮ ಭಾಷೆಯಲ್ಲಿ ಮುದುಕಿಗೆ ಏನೇನೋ ಹೇಳಿದಳು. ತಂಗಿಯ ಹೆಸರು ಬಂತು. ಬೆರಳು ಮತ್ತೆ ಗಾಳಿಯಲ್ಲಿ ಆ ಚೌಕ ಬರೆಯಿತು.

ಕಂಪನಿಯ ದೊಡ್ಡವನು ನಗುತ್ತ ಎದ್ದ. "ಕ್ಷಮಿಸಿ, ಚಿಕ್ಕ ತಪ್ಪು. ಬೇರೆ ಮುಖ ಹಾಕೋಣ."

"ಮುಖ ಬೇಡ," ಎಂದಳು ಪ್ರೇಮವ್ವ. "ನೀರು ಹಾಕಿ."

ಅರವಿಂದ ಓಡಿ ಬಂದು ಅವಳ ಪಕ್ಕ ನಿಂತ. ಕನ್ನಡದಲ್ಲಿ, ಹಲ್ಲು ಕಚ್ಚಿ, ಮೆಲ್ಲಗೆ ಹೇಳಿದ: "ಒಳಗೆ ನಡೀರಿ. ಪಾಸ್‌ಪೋರ್ಟ್ ನನ್ ಹತ್ರ ಇದೆ, ಮರೀಬೇಡಿ. ನೀವು ಊರು ಹೇಗ್ ನೋಡ್ತೀರೋ ನಾನೂ ನೋಡ್ತೀನಿ."

ಪ್ರೇಮವ್ವ ಸಭೆಯ ಕಡೆಗೆ ತಿರುಗಿದಳು. "ಇವರು ನಮ್ಮ ಭಾಷೆಯಲ್ಲಿ ಹೇಳಿದರು. ನಿಮಗೆ ತಿಳಿಯಲಿಲ್ಲ, ನಾನು ಹೇಳುತ್ತೇನೆ. ನನ್ನ ಪಾಸ್‌ಪೋರ್ಟ್ ಇವರ ಬೀರುವಿನಲ್ಲಿದೆ. ನಾನು ಮಾತಾಡಿದರೆ ಕೊಡುವುದಿಲ್ಲ."

ಮುದುಕಿ ಕನ್ನಡಕ ತೆಗೆದಳು. ಅವಳ ಕಾಲದಲ್ಲಿ ಅವಳ ದೇಶದ ಕರಿಯರು ಕಿಸೆಯಲ್ಲಿ ಒಂದು ಪಾಸು ಪುಸ್ತಕ ಇಟ್ಟುಕೊಂಡೇ ನಡೆಯಬೇಕಿತ್ತು, ಧಣಿಯ ಸಹಿ ಇಲ್ಲದಿದ್ದರೆ ಜೈಲು. ಅವಳು ಮೇಜಿನ ಮೇಲಿದ್ದ ಒಪ್ಪಂದದ ಕಾಗದವನ್ನು ಮಗುಚಿ ಇಟ್ಟಳು. ಅರವಿಂದನನ್ನು ನೋಡಿದಳು.

"ಮೊದಲು ಅದನ್ನು ತೆಗೆದುಕೊಂಡು ಬಾ," ಎಂದಳು. "ನಾವು ಇಲ್ಲೇ ಕೂತಿರುತ್ತೇವೆ."

"ಮೇಡಂ, ನನ್ನ ಮನೆ ಸ್ಯಾಂಟಾ ಕ್ಲಾರಿಟಾದಲ್ಲಿದೆ, ಹೋಗಿ ಬರಲು ಆರು ಗಂಟೆ ಬೇಕು."

"ನಾವು ಕಾದವರು. ಆರು ಗಂಟೆ ಹೆಚ್ಚಲ್ಲ."

ಮುಂದಿನ ಸಾಲಿನ ಒಬ್ಬರೂ ಏಳಲಿಲ್ಲ. ಕಂಪನಿಯ ದೊಡ್ಡವನು ಗಡಿಯಾರ ನೋಡಿ, ಅರವಿಂದನ ಕಡೆ ನೋಡಿದ. ಅರವಿಂದ ಜೇಬಿನಲ್ಲಿ ಕಾರಿನ ಕೀಲಿ ಹುಡುಕಿದ.

ಪ್ರೇಮವ್ವನಿಗೆ ಬಾಯಿ ಒಣಗಿತ್ತು. ಒಪ್ಪಂದದ ಮೇಜಿನ ಮೇಲೆ ಗಾಜಿನ ಹೂಜಿ ಇತ್ತು, ಸುತ್ತ ಲೋಟಗಳು. ಅವಳು ಸೌಟನ್ನು ಕಾಗದದ ಮೇಲಿಟ್ಟಳು. ಒಂದು ಲೋಟಕ್ಕೆ ನೀರು ಹೊಯ್ದುಕೊಂಡಳು. ಬಗ್ಗಲಿಲ್ಲ, ಬೊಗಸೆ ಒಡ್ಡಲಿಲ್ಲ. ಅರವಿಂದ ನೋಡುತ್ತಿದ್ದಂತೆ ಲೋಟಕ್ಕೆ ತುಟಿ ಹಚ್ಚಿ, ನಿಂತೇ, ತಳ ಕಾಣುವವರೆಗೆ ಕುಡಿದಳು.