ನೆತ್ತಿಯ ಮೇಲಿನ ಕೈ

ಅಜ್ಜಿಯ ಕಥೆಗಳಲ್ಲಿ ತೀರಾ ಮೆತ್ತಗೆ ಮಾತಾಡುವವರೇ ಕೊನೆಗೆ ರಾಕ್ಷಸರಾಗಿಬಿಡುತ್ತಿದ್ದರು. ಹಾಗಾಗಿ ಸ್ಕ್ಯಾನ್ ಮಾಡುವವನು ಮೊದಲ ದಿನ ನನ್ನನ್ನು ಕಂಡ ಕೂಡಲೇ ದನಿ ಇಳಿಸಿ, ಜೊತೆಗೆ ಯಂತ್ರದ ದನಿಯನ್ನೂ ಇಳಿಸಿದಾಗ ನಾನು ಅವನ ಕೈಯ ಮೇಲೆ ಕಣ್ಣಿಟ್ಟೆ.

ಮಗಳು ಇಪ್ಪತ್ತೊಂಬತ್ತನೇ ವಾರಕ್ಕೇ ಹುಟ್ಟಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಅವಳ ತಲೆ ನನ್ನ ಮುಷ್ಟಿಗಿಂತ ತುಸು ದೊಡ್ಡದು, ಅಷ್ಟೆ. ಅವನು ಬೆಳಿಗ್ಗೆ ಬೆಳಿಗ್ಗೆ ಯಂತ್ರ ತಳ್ಳಿಕೊಂಡು ಬಂದು, ನೆತ್ತಿಯ ಮೆತ್ತನೆಯ ಜಾಗದ ಮೇಲೆ ಯಂತ್ರದ ಹಿಡಿಕೆಯಂಥ ಪ್ರೋಬ್ ಇಟ್ಟು, ಮಿದುಳಿಗೆ ರಕ್ತ ಹೇಗೆ ಹರಿಯುತ್ತಿದೆಯೆಂದು ನೋಡುತ್ತಿದ್ದ. ಪರದೆಯ ಮೇಲೆ ಗುಡ್ಡಗಳ ಸಾಲು ಮೂಡುತ್ತಿತ್ತು. ಗುಡ್ಡಗಳ ನಡುವಿನ ಕಣಿವೆ ನೆಲ, ಅಂದರೆ ಪರದೆಯ ಅಡಿಗೆರೆ, ಮುಟ್ಟಬಾರದು, ಮುಟ್ಟಿದರೆ ಆ ಗಳಿಗೆ ಹರಿವು ನಿಂತಂತೆ ಎಂದು ಡಾಕ್ಟರಮ್ಮ ಹೇಳಿದ್ದರು.

ಮೂರು ದಿನದಿಂದ ಕಣಿವೆ ನೆಲ ಮುಟ್ಟುತ್ತಿತ್ತು. ಹೃದಯದ ಪಕ್ಕದಲ್ಲಿ ಮುಚ್ಚಿಕೊಳ್ಳದೆ ಉಳಿದ ನಾಳವೊಂದು ರಕ್ತ ಕದಿಯುತ್ತಿದೆಯೇನೋ ಎಂಬ ಸಂಶಯ. ಇವತ್ತೂ ಹೀಗೇ ಬಂದರೆ ಮಧ್ಯಾಹ್ನವೇ ನಾಳ ಮುಚ್ಚಿಸುವ ಔಷಧಿ. ಅದು ಇಷ್ಟು ಪುಟ್ಟ ಕಿಡ್ನಿಗಳಿಗೆ ಭಾರ.

"ಅಣ್ಣ, ಸೌಂಡ್ ಯಾಕೆ ಕಮ್ಮಿ ಮಾಡ್ತೀರ?" ಇವತ್ತು ಕೇಳಿಯೇಬಿಟ್ಟೆ.

"ತಾಯಂದಿರು ಹೆದರ್ಕೊಂಡ್ಬಿಡ್ತಾರಮ್ಮ."

"ನಾನು ಹೆದರಲ್ಲ. ಜೋರು ಮಾಡಿ."

ಪಕ್ಕದಲ್ಲಿ ನಿಂತಿದ್ದ ಅತ್ತೆ ನನ್ನ ಮೊಣಕೈ ಚಿವುಟಿದರು. "ಸುಮ್ನಿರೇ. ಎಲ್ಲರ ಮೇಲೂ ನಿಂಗೆ ಗುಮಾನಿ. ಪಾಪ, ಹೂವು ಮುಟ್ಟೋ ಹಾಗೆ ಮುಟ್ತಾನೆ ಮಗೂನ."

"ಹೂವು ಮುಟ್ಟಿದ್ರೆ ನೆತ್ತಿ ಮೇಲೆ ಗುಂಡಗೆ ಅಚ್ಚು ಬೀಳತ್ತಾ ಅತ್ತೆ? ಪ್ರೋಬ್ ಎತ್ತಿದ್ಮೇಲೆ ದಿನಾ ನೋಡ್ತಿದೀನಿ."

"ಶುರುವಾಯ್ತು ಪತ್ತೇದಾರಿಕೆ!"

ಅವನು ದನಿ ಏರಿಸಿದ. ಮೊದಲು ಬಂದದ್ದು ರಕ್ತ ಹರಿಯುವ ಎಡೆಬಿಡದ ಸುಯ್‌ಲು. ಅವನ ಬೆರಳು ಬಿಗಿಯಾಯಿತು. ಸುಯ್‌ಲು ತುಂಡಾಯಿತು: ಸುಯ್... ಸುಯ್... ನಡುವೆ ಏನೂ ಇಲ್ಲ. ಪರದೆಯಲ್ಲಿ ಕಣಿವೆ ನೆಲ ಮುಟ್ಟಿತು.

"ಕೈ ಹಗುರ ಮಾಡಿ."

"ಹಗುರ ಮಾಡಿದ್ರೆ ಚಿತ್ರ ನಿಲ್ಲಲ್ಲಮ್ಮ."

"ನಿಲ್ಲದಿದ್ರೆ ಬೇಡ. ಡಾಕ್ಟರಮ್ಮನ್ನ ಕರೀರಿ!"

ನನ್ನ ಕೂಗಿಗೆ ಅವರೇ ಬಂದರು. ಅತ್ತೆ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡರು. ಡಾಕ್ಟರಮ್ಮ ನೆತ್ತಿಯನ್ನು ಬೆರಳಲ್ಲಿ ಸವರಿ ನೋಡಿದರು.

"ಜೆಲ್ ಎಲ್ರೀ? ಸಾಸಿವೆಕಾಳಷ್ಟು ಹಾಕಿದೀರಲ್ಲ!"

ಅವನು ತಲೆ ತಗ್ಗಿಸಿದ. "ತಣ್ಣಗಿರತ್ತೆ ಮೇಡಂ. ಮೊದಲನೇ ದಿನ ಜಾಸ್ತಿ ಹಾಕಿದ್ದೆ, ಬೆಚ್ಚಿಬಿದ್ದು ನೀಲಿಯಾಗ್ಬಿಟ್ಲು. ಅವತ್ತಿಂದ ಒಂದು ತೊಟ್ಟು ಹಾಕಿ, ಚಿತ್ರ ಬರ್ಲಿ ಅಂತ ಸ್ವಲ್ಪ ಒತ್ತಿ..."

"ಒತ್ತಿದ್ರೆ ಒಳಗಿನ ಹರಿವೇ ತಡೆಯತ್ತೆ ಕಣ್ರೀ. ಇಲ್ಲಿ ಮೂಳೆ ಇನ್ನೂ ಕೂಡಿಲ್ಲ."

ಜೆಲ್ಲಿನ ಟ್ಯೂಬನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು, ತಮ್ಮ ಮಣಿಕಟ್ಟಿಗೆ ಹಚ್ಚಿ ನೋಡಿ, ಮಗಳ ನೆತ್ತಿಯ ಮೇಲೆ ಧಾರಾಳವಾಗಿ ಹಾಕಿದರು. ಪ್ರೋಬ್ ತಾಗಿಯೂ ತಾಗದಂತೆ ನಿಂತಿತು. ಅವಳು ಬೆಚ್ಚಲಿಲ್ಲ. ಸುಯ್‌ಲು ಕಡಿಯಲಿಲ್ಲ. ಕಣಿವೆ ನೆಲದಿಂದ ಬಹಳ ಮೇಲೆಯೇ ತೇಲುತ್ತಿತ್ತು.

"ಔಷಧಿ ಬೇಡ. ಸಂಜೆ ನಾನೇ ಇನ್ನೊಂದು ಸಲ ನೋಡ್ತೀನಿ" ಎಂದರು.

ಅತ್ತೆ ಗೋಡೆಗೆ ಒರಗಿದರು. ನಾನೂ ಒರಗಬೇಕಿತ್ತು. ಆದರೆ ಸ್ಕ್ಯಾನ್ ಮಾಡುವವನ ಕಣ್ಣು ಆಗಲೇ ನಮ್ಮನ್ನು ಬಿಟ್ಟು ಮೂರನೇ ಪೆಟ್ಟಿಗೆಯ ಕಡೆ ಹೋಗಿತ್ತು. ಅಲ್ಲಿ ಅವಳಿಗಳಲ್ಲಿ ಉಳಿದ ಗಂಡುಮಗು. ಅದಕ್ಕೆ ನಿನ್ನೆಯೇ ಅದೇ ಔಷಧಿ ಶುರುವಾಗಿತ್ತು. ಆ ಮಗುವಿನ ತಾಯಿ ಹೊರಗೆ ಬೆಂಚಿನ ಮೇಲೆ ನಿದ್ದೆಹೋಗಿದ್ದಳು.

"ಅಣ್ಣ," ಎಂದೆ, "ಆ ಮಗೂಗೆ ಎಷ್ಟು ಜೆಲ್ ಹಾಕಿದ್ರಿ?"

ಅವನು ಜೆಲ್ಲಿನ ಟ್ಯೂಬನ್ನು ಮತ್ತೆ ಬಿಸಿನೀರಿನ ಬಟ್ಟಲಲ್ಲಿಟ್ಟ. ಡಾಕ್ಟರಮ್ಮ ಯಂತ್ರವನ್ನು ಆ ಕಡೆಗೆ ತಳ್ಳತೊಡಗಿದ್ದರು. ನಾನು ಆ ತಾಯಿಯನ್ನು ಎಬ್ಬಿಸಲು ಹೊರಗೆ ಓಡಿದೆ.