ಈಗಲೇ ತಿರುಗಿಸಬೇಡಿ, ಬೀಗದಣ್ಣ

ಬೀಳುವಾಗ ನಾವೆಲ್ಲ ಕೈ ಊರುತ್ತೇವೆ. ಯೋಚಿಸಿ ಊರುವುದಲ್ಲ, ಕೈ ತಾನಾಗಿ ಮುಂದೆ ಹೋಗುತ್ತದೆ. ಬೀಗ ರಿಪೇರಿ ಮಾಡುವ ಬೀಗದಣ್ಣನಿಗೂ ಹಾಗೇ ಆಯಿತು. ಯಾರದೋ ಮನೆಯ ಬಾಗಿಲಿಗೆ ಮೇಲಿನ ಚಿಲಕ ಕೂರಿಸುತ್ತಿದ್ದರು. ಸ್ಟೂಲು ಅಲುಗಿತು. ಬಲಗೈ ಊರಿ ಬಿದ್ದರು.

ಮನೆಗೆ ಬಂದವರು ಮಣಿಕಟ್ಟಿಗೆ ಟವೆಲ್ ಸುತ್ತಿಕೊಂಡು ಗೋಡೆಗೆ ಒರಗಿ ಕೂತರು.

"ಉಳುಕಿದೆ ಅಷ್ಟೇ. ಯಾರನ್ನಾದ್ರೂ ಕರೆದು ಎಳೆಸಿ, ಎಣ್ಣೆ ಹಚ್ಚಿ ನೀವಿಸಿದ್ರೆ ಸರಿಹೋಗುತ್ತೆ."

ಹೆಂಡತಿ ವಾದಕ್ಕೆ ಹೋಗಲಿಲ್ಲ. ತಂಗಿಗೆ ಫೋನ್ ಮಾಡಿದರು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಬಂದವಳೇ ಟವೆಲ್ ಬಿಚ್ಚಿ ನೋಡಿದಳು.

"ಇದು ಉಳುಕಾ ಭಾವ? ಕೈ ಸೌಟಿನ ಹಿಡಿ ಥರ ಬಾಗಿದೆ. ಎಳೆಸಿದ್ರೆ ನರಕ್ಕೂ ರಕ್ತನಾಳಕ್ಕೂ ಏಟು. ಮೊದಲು ಉಂಗುರ ತೆಗೀರಿ, ಊದಿಕೊಂಡ ಮೇಲೆ ಬರಲ್ಲ. ಏಳಿ."

ಎಕ್ಸ್‌ರೇ ನೋಡಿದ ಡಾಕ್ಟರ್ ನಿಧಾನವಾಗಿ ವಿವರಿಸಿದರು. ಮಣಿಕಟ್ಟಿನ ಮೂಳೆ ಚೂರಾಗಿದೆ, ಬರೀ ಪ್ಲಾಸ್ಟರ್‌ಗೆ ನಿಲ್ಲುವುದಿಲ್ಲ, ಪ್ಲೇಟ್ ಹಾಕಬೇಕು. ಆ ಜಾಗದಲ್ಲಿ ಮೂಳೆಗೆ ಅಡ್ಡಲಾಗಿ ಚೌಕದಂಥ ಒಂದು ಸಣ್ಣ ಸ್ನಾಯು ಇದೆ. ಅಂಗೈಯನ್ನು ಕೆಳಮುಖವಾಗಿ ತಿರುಗಿಸುವುದು ಅದರ ಕೆಲಸ. ಅದರ ಒಂದು ಅಂಚು ಬಿಡಿಸಿ ಸರಿಸಿದರೇ ಪ್ಲೇಟ್ ಕೂರಿಸಲು ಜಾಗ.

ಬೀಗದಣ್ಣನ ಮುಖ ಕಳೆಗುಂದಿತು. ಹೊರಗಿನ ಬೆಂಚಿಗೆ ಬಂದವರೇ, "ನಡೀರಿ ಮನೆಗೆ" ಅಂದರು.

"ಯಾಕೆ ಭಾವ?"

"ಕೀಲಿ ತಿರುಗಿಸೋ ಸ್ನಾಯುವನ್ನೇ ಬಿಡಿಸ್ತಾರಂತೆ. ನನ್ನ ಕಸುಬು ಇರೋದೇ ಅದರಲ್ಲಿ. ಬೀಗದೊಳಗಿನ ಸ್ಪ್ರಿಂಗ್ ಒಮ್ಮೆ ಕಿತ್ತರೆ ಮೊದಲಿನ ಹಾಗೆ ಕೂರಲ್ಲ. ನನಗೇ ಪಾಠ ಹೇಳಬೇಡ, ಸಿಸ್ಟರಮ್ಮ."

"ಸ್ಪ್ರಿಂಗಿನೊಳಗೆ ರಕ್ತ ಹರಿಯುತ್ತಾ?"

ಬೀಗದಣ್ಣ ಊದಿದ ಕೈಯನ್ನೊಮ್ಮೆ ನೋಡಿಕೊಂಡರು.

"ಸ್ನಾಯುವಿನೊಳಗೆ ಹರಿಯುತ್ತೆ. ಪ್ಲೇಟ್ ಕೂರಿಸಿದ ಮೇಲೆ ಅದನ್ನ ಮೇಲೆ ಹಾಸಿ ಅಂಚು ಹೊಲೀತಾರೆ. ಆಮೇಲೆ ಅದೇ ಕೂಡಿಕೊಳ್ಳುತ್ತೆ. ಬೆರಳು ಮಡಿಸೋ ಹುರಿಗಳು ಅದರ ಮೇಲೇ ಓಡಾಡೋದು. ಅವು ಬರೀ ಲೋಹಕ್ಕೆ ಉಜ್ಜದಂತೆ ನಡುವೆ ಇದೊಂದು ಮೆತ್ತೆ ಇದ್ದ ಹಾಗೆ."

"ಮೊದಲಿನ ಹಾಗೇ ಆಗುತ್ತೆ ಅಂತ ಬರೆದುಕೊಡ್ತಾರಾ?"

ಅವಳು ಸುಳ್ಳು ಹೇಳಲಿಲ್ಲ. "ಇಲ್ಲ. ಸ್ನಾಯು ತೆಳು. ಬಿದ್ದ ಏಟಿಗೇ ಹರಿದಿದ್ರೆ ಹೊಲಿಗೆ ನಿಲ್ಲದೇ ಇರಬಹುದು. ಆಗಲೂ ಕೈ ತಿರುಗಿಸೋಕೆ ಮೊಣಕೈ ಹತ್ತಿರ ಇನ್ನೊಂದು ಸ್ನಾಯು ಇದೆ. ಆದರೆ ಮೂಳೆ ಸೊಟ್ಟಗೆ ಕೂಡಿದ್ರೆ, ಯಾವ ಸ್ನಾಯು ಇದ್ದೂ ಕೈ ಸರಿಯಾಗಿ ತಿರುಗಲ್ಲ."

ಹೆಂಡತಿ ನಡುವೆ ಬಂದರು. "ರೀ, ಜನ ಮನೆ ಬಾಗಿಲನ್ನೇ ನಂಬಿ ನಿಮ್ಮ ಕೈಗೆ ಕೊಡಲ್ವಾ?"

ಬೀಗದಣ್ಣ ಒಪ್ಪಿದರು. ಆಪರೇಷನ್ ಆಯಿತು. ಹೊಲಿಗೆ ಚೆನ್ನಾಗಿ ನಿಂತಿದೆ ಎಂದರು ಡಾಕ್ಟರ್. ಬೆರಳುಗಳನ್ನು ದಿನವೂ ಮಡಿಸಬೇಕು, ಬಿಚ್ಚಬೇಕು, ಇಲ್ಲದಿದ್ದರೆ ಬಿಗಿಯುತ್ತವೆ. ಕೈಯನ್ನು ಎದೆಯ ಎತ್ತರಕ್ಕೆ ಇಟ್ಟುಕೊಳ್ಳಬೇಕು. ಭಾರ ಎತ್ತುವುದು, ಬಲ ಹಾಕಿ ತಿರುಚುವುದು ಮಾತ್ರ ತಾವು ಹೇಳುವವರೆಗೆ ಕೂಡದು.

ಬೆರಳುಗಳು ಚೆನ್ನಾಗಿ ಆಡತೊಡಗಿದವು. ನೋವು ಇಳಿಯಿತು. ತೊಂದರೆ ಶುರುವಾಗಿದ್ದೇ ಆಗ.

ಹೊಸ ಕೀಲಿ ಉಜ್ಜಿದ ಕೂಡಲೇ ಬೀಗಕ್ಕೆ ಹಾಕಿ ತಿರುಗಿಸಿ ನೋಡುವುದು ಬೀಗದಣ್ಣನ ಕಸುಬಿನ ರೀತಿ. ನೋಡದೆ ಗಿರಾಕಿಯ ಕೈಗೆ ಕೊಟ್ಟವರೇ ಅಲ್ಲ. ಒಂದು ಮಧ್ಯಾಹ್ನ ಹೆಂಡತಿ ಬಟ್ಟೆ ಒಣಗಿಸಲು ಹೋಗಿದ್ದಾಗ, ಕೈಗೆ ಕಟ್ಟಿದ್ದ ಆಧಾರದ ಪಟ್ಟಿ ಬಿಚ್ಚಿಟ್ಟರು. ಬೀರುವಿನ ಬಿಗಿಯಾದ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದರು.

ಬೀಗ ತೆರೆಯಿತು. ಮಣಿಕಟ್ಟಿನೊಳಗೆ ಏನೋ ಚುಳ್ ಎಂದಿತು.

ಸಂಜೆಯ ಹೊತ್ತಿಗೆ ಕೈ ಊದಿತ್ತು. ಮತ್ತೆ ಆಸ್ಪತ್ರೆ, ಮತ್ತೆ ಎಕ್ಸ್‌ರೇ. ಪ್ಲೇಟೂ ಸ್ಕ್ರೂಗಳೂ ಅಲುಗಿರಲಿಲ್ಲ.

"ಸ್ನಾಯುವಿನ ಹೊಲಿಗೆ ಎಕ್ಸ್‌ರೇಯಲ್ಲಿ ಕಾಣಲ್ಲ" ಎಂದರು ಡಾಕ್ಟರ್. "ಬಿಟ್ಟಿರಬಹುದು, ಬಿಡದೆಯೂ ಇರಬಹುದು. ಮತ್ತೆ ವಿಶ್ರಾಂತಿ ಕೊಟ್ಟು ಕಾಯಬೇಕು."

ಮೂವರೂ ಮನೆಗೆ ಬಂದರು.

"ಬೈದುಬಿಡು" ಎಂದರು ಬೀಗದಣ್ಣ ನಾದಿನಿಗೆ.

"ಬೈದ್ರೆ ಹೊಲಿಗೆ ಕೂಡುತ್ತಾ ಭಾವ? ಗೋಂದು ಒಣಗೋ ಮುಂಚೆ ಎಳೆದು ನೋಡಿದಿರಿ. ಇನ್ನು ಕಾಯಿರಿ."

ಹೆಂಡತಿ ಮನೆಯ ಕೀಲಿಗಳನ್ನೆಲ್ಲ ಒಂದೂ ಬಿಡದೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕಳ್ಳ ಮನೆಯೊಳಗೇ ಇದ್ದಾನೆ" ಎಂದರು.

ವಾರಗಳು ಕಳೆದವು. ಅಪ್ಪಣೆ ಸಿಕ್ಕ ಮೇಲೆ ಖಾಲಿ ಕೈಯ ವ್ಯಾಯಾಮ ಶುರುವಾಯಿತು. ಮೊಣಕೈ ಸೊಂಟಕ್ಕೆ ತಾಗಿಸಿ, ಅಂಗೈ ಮೇಲೆ, ಅಂಗೈ ಕೆಳಗೆ. ಮೊದಮೊದಲು ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. ಬೀಗದಣ್ಣ ನಿಂತ ಕೈಯನ್ನೇ ನೋಡುತ್ತಾ ಕೂರುತ್ತಿದ್ದರು. ಮರುದಿನ ಮತ್ತೆ ಮಾಡುತ್ತಿದ್ದರು.

ಕೊನೆಗೆ ಡಾಕ್ಟರ್ ಒಪ್ಪಿದ ದಿನ, ಮೂವರೂ ಅಂಗಡಿಯ ಮುಂದೆ ನಿಂತರು. ಹೆಂಡತಿ ಗೊಂಚಲಿನಿಂದ ಅಂಗಡಿಯ ಕೀಲಿ ಬಿಡಿಸಿ ಕೊಟ್ಟರು. ಬೀಗದಣ್ಣ ಅದನ್ನು ಬೀಗದೊಳಗೆ ತೂರಿಸಿ ಅಲ್ಲೇ ನಿಂತರು. ಹಿಂತಿರುಗಿ ನಾದಿನಿಯ ಮುಖ ನೋಡಿದರು.

"ತಿರುಗಿಸಲಾ?"

"ಈಗ ತಿರುಗಿಸಿ, ಭಾವ."

ಕೀಲಿ ತಿರುಗಿತು. ಕೊನೆಯ ಸ್ವಲ್ಪಕ್ಕೆ ಭುಜವನ್ನೂ ಬಾಗಿಸಬೇಕಾಯಿತು.

ಅವರ ಅಂಗೈ ಇಂದಿಗೂ ಪೂರ್ತಿ ಕೆಳಮುಖವಾಗುವುದಿಲ್ಲ. ಬಿದ್ದ ಏಟಿನಿಂದಲೋ ಆ ಮಧ್ಯಾಹ್ನದಿಂದಲೋ, ಯಾರೂ ಖಚಿತವಾಗಿ ಹೇಳಲಾರರು. ಬೀಗದಣ್ಣ ಮಾತ್ರ ಅಂಗಡಿಗೆ ಬಂದವರಿಗೆಲ್ಲ, "ಆ ಮಧ್ಯಾಹ್ನದ್ದೇ" ಎನ್ನುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲಿ ಒಂದು ಕೋರಿಕೆ. ಬಿದ್ದು ಮಣಿಕಟ್ಟು ಊದಿದರೆ, ಬಾಗಿದರೆ, ಎಳೆಸಬೇಡಿ, ನೀವಿಸಬೇಡಿ. ಕೈ ಅಲುಗದಂತೆ ಆಧಾರ ಕೊಟ್ಟು ಆಸ್ಪತ್ರೆಗೆ ಹೋಗಿ. ಆಪರೇಷನ್ ಬೇಕು ಎಂದರೆ, ಏನು ಬಿಡಿಸುತ್ತೀರಿ, ಏನು ಹೊಲಿಯುತ್ತೀರಿ ಎಂದು ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಮನೆಗೆ ಹೋದ ಮೇಲೆ ಬೆರಳು ಜೋಮು ಹಿಡಿದರೆ, ಬಣ್ಣ ಬದಲಾದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ತಿಂಗಳುಗಳ ನಂತರವೂ ಹೆಬ್ಬೆರಳು ಮಡಿಸುವಾಗ ಕಟಕಟ ಎಂದರೆ, ಉಜ್ಜಿದಂತಾದರೆ, ಡಾಕ್ಟರಿಗೆ ತೋರಿಸಿ.

ನೋವು ಹೋಯಿತೆಂದರೆ ಒಳಗಿನ ಹೊಲಿಗೆ ಕೂಡಿತೆಂದಲ್ಲ. ಕೈ ನಿಮ್ಮದೇ. ಆದರೂ ಮೊದಲ ಸಲ ಬಲ ಹಾಕುವ ಮುಂಚೆ ಒಮ್ಮೆ ಕೇಳಿ: ತಿರುಗಿಸಲಾ?