ಉಸಿರಿನ ಜೋಡಿ

ಬುಧವಾರ ಕೊನೆಯ ಪೀರಿಯಡ್ಡಿನ ಗಂಟೆ ಹೊಡೆಯಿತೆಂದರೆ ಆ ಹೈಸ್ಕೂಲು ಬೇರೆಯೇ ಒಂದು ಊರಾಗಿಬಿಡುತ್ತಿತ್ತು. ಲೈಬ್ರರಿಯಲ್ಲಿ ಚೆಸ್ ಕ್ಲಬ್ಬಿನವರು ತುಟಿ ಕಚ್ಚಿಕೊಂಡು ಕೂರುತ್ತಿದ್ದರು. ಅದರ ಪಕ್ಕದ ಕೋಣೆಯಲ್ಲೇ ಚರ್ಚಾಕೂಟದವರು ಮೇಜು ಗುದ್ದಿ ಕೂಗಾಡುತ್ತಿದ್ದರು. ನಾಟಕದವರಿಗೆ ಮೆಟ್ಟಿಲ ಕೆಳಗಿನ ಜಾಗ, ತೋಟದ ಕ್ಲಬ್ಬಿನವರಿಗೆ ನಲ್ಲಿಯ ಪಕ್ಕದ ಕೆಸರು. ಹಾಡಿನ ಕ್ಲಬ್ಬಿಗೆ ಮಾತ್ರ ಇಂಥದ್ದೇ ಎಂಬ ಜಾಗವಿರಲಿಲ್ಲ. ಅದನ್ನು ನಡೆಸುತ್ತಿದ್ದವರು ರಸಾಯನಶಾಸ್ತ್ರದ ಮೇಡಂ. ಹಾಗಾಗಿ ಹುಡುಗಿಯರು ಲ್ಯಾಬಿನಲ್ಲೇ, ಗಾಜಿನ ನಳಿಗೆಗಳ ನಡುವೆ, ಗ್ಯಾಸಿನ ವಾಸನೆಯಲ್ಲಿ ನಿಂತು ಹಾಡುತ್ತಿದ್ದರು. ದನಿ ಹದವಾಗಿ ಕೂಡಿದ ದಿನ ಕಪಾಟಿನೊಳಗಿನ ಬೀಕರುಗಳು ಸಣ್ಣಗೆ ಗುಂಯ್‌ಗುಟ್ಟುತ್ತಿದ್ದವು.

ನಾನು ಹೊರಗಿನ ಬೆಂಚಿನ ಮೇಲೆ ಕೂತು ಮೊಮ್ಮಗಳಿಗಾಗಿ ಕಾಯುತ್ತಿದ್ದೆ. ಆ ಲ್ಯಾಬು ನನಗೆ ಹೊಸದಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ದುಡಿಯುವವರಿಗೆಂದು ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ, ಅದೇ ಎತ್ತರದ ಸ್ಟೂಲುಗಳ ಮೇಲೆ ಕೂತು ಅಕ್ಷರ ಕಲಿತವಳು ನಾನು. ಕಾಯುವುದನ್ನೂ ಅಲ್ಲೇ ಕಲಿತೆ ಅಂತಿಟ್ಟುಕೊಳ್ಳಿ. ಒಂದು ಅಕ್ಷರ ಕೈಗೆ ಕೂರಬೇಕಾದರೆ ಅವಸರ ಮಾಡಿದರೆ ನಡೆಯುವುದಿಲ್ಲ.

ಮೊಮ್ಮಗಳು ಯಾವತ್ತೂ ಒಬ್ಬಳೇ ಹೊರಗೆ ಬರುತ್ತಿರಲಿಲ್ಲ. ಉದ್ದಕ್ಕೆ, ತೆಳ್ಳಗೆ ಇದ್ದ ಅವಳನ್ನು ಶಾಲೆಯಲ್ಲಿ ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಅವಳ ಗೆಳತಿ ಕುಳ್ಳಿ. ಅಗಲ ಭುಜ, ಚೌಕಾಕಾರದ ಮುಖ. ಕಡ್ಡಿಯ ಜೊತೆಗಿದ್ದವಳಿಗೆ ಪೆಟ್ಟಿಗೆ ಎಂಬ ಹೆಸರು ತಾನಾಗಿ ಅಂಟಿಕೊಂಡಿತು. "ಇವರಿಬ್ಬರನ್ನ ಒಟ್ಟಿಗೆ ಕೂರಿಸ್ಬೇಡಿ ಮೇಡಂ, ಬೆಂಕಿ ಹತ್ಕೊಳ್ಳುತ್ತೆ" ಎಂದು ಹುಡುಗಿಯರು ಹಾಸ್ಯ ಮಾಡುತ್ತಿದ್ದರು. ಲ್ಯಾಬಿನಲ್ಲಿ ಬೆಂಕಿಯ ಮಾತೆತ್ತಿದರೆ ಗದರುವ ಮೇಡಂ ಕೂಡ ಅದಕ್ಕೆ ನಗುತ್ತಿದ್ದರು.

ಇಬ್ಬರದೂ ತಗ್ಗು ದನಿ. ಮೇಲಿನ ಸ್ವರ ಹಾಡುವವರು ಒಂದು ದಂಡೇ ಇದ್ದರು, ಅಷ್ಟು ಕೆಳಗೆ ಇಳಿಯಬಲ್ಲವರು ಇವರಿಬ್ಬರೇ. ಆ ವರ್ಷ ಶಾಲೆಗಳ ನಡುವಿನ ಸ್ಪರ್ಧೆಗೆಂದು ಮೇಡಂ ಆರಿಸಿದ ಹಾಡು ಒಂದು ಉದ್ದದ ಸ್ವರದಲ್ಲಿ ಮುಗಿಯುತ್ತಿತ್ತು. ಮೇಲಿನ ದನಿಯವರು ಒಬ್ಬೊಬ್ಬರಾಗಿ ನಿಲ್ಲಿಸುತ್ತಾ ಬರಬೇಕು. ಕೊನೆಗೆ ತಗ್ಗಿನ ದನಿಯೊಂದೇ ಉಳಿದು, ಎಳೆದು, ಕರಗಬೇಕು. ಒಂದೇ ಉಸಿರಿನಲ್ಲಿ ಅದನ್ನು ಹಿಡಿಯುವುದು ಹುಡುಗಾಟವಲ್ಲ. ಅದಕ್ಕೇ ಮೇಡಂ ಪ್ರತಿಯೊಬ್ಬಳಿಗೂ ಉಸಿರಿನ ಜೋಡಿಯೊಬ್ಬಳನ್ನು ಗೊತ್ತುಮಾಡಿದ್ದರು. ಒಬ್ಬಳು ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬಳು ದನಿ ಬಿಡಕೂಡದು. ಕೇಳುವವರಿಗೆ ಎಲ್ಲಿಯೂ ತುಂಡಾಯಿತು ಅನ್ನಿಸಬಾರದು. ನಮ್ಮ ಕಡ್ಡಿ, ಪೆಟ್ಟಿಗೆ ಇಬ್ಬರೂ ಅದಕ್ಕೊಂದು ಗುಟ್ಟಿನ ಸನ್ನೆ ಮಾಡಿಕೊಂಡಿದ್ದರು. ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ ನಿಲ್ಲುವರು. ಒಬ್ಬಳು ಬೆರಳು ಒತ್ತಿದಳೆಂದರೆ, "ನಾನು ಹಿಡ್ಕೊಂಡಿದ್ದೀನಿ, ನೀನು ಉಸಿರು ತಗೋ" ಎಂದು ಅರ್ಥ.

ಸಂಜೆ ನಮ್ಮ ಅಡುಗೆಮನೆಯಲ್ಲಿ ಅಭ್ಯಾಸ. ನಾನು ಇಸ್ತ್ರಿ ಮಾಡುತ್ತಿದ್ದರೆ ಅವರಿಬ್ಬರೂ ಬಾಗಿಲಿಗೆ ಒರಗಿ ಹಾಡುವರು.

"ಅಜ್ಜಿ, ನಾವು ಎಲ್ಲೆಲ್ಲಿ ಉಸಿರು ತಗೊಂಡ್ವಿ ಹೇಳಿ ನೋಡೋಣ" ಎಂದು ಪೆಟ್ಟಿಗೆ ಕೇಳುವಳು.

"ತಗೊಂಡ್ರಾ? ನೀವೇನು ಮನುಷ್ಯರೋ ಮೀನುಗಳೋ ಅಂತ ನಾನು ಯೋಚ್ನೆ ಮಾಡ್ತಿದ್ದೆ."

"ನಿಮ್ಮ ಮೊಮ್ಮಗಳು ಕಳ್ಳಿ ಅಜ್ಜಿ. ನಾನು ಒತ್ತೋಕೆ ಮುಂಚೇನೇ ಎಳ್ಕೊಂಡ್‌ಬಿಡ್ತಾಳೆ."

"ಒತ್ತೋದಾ ಅದು? ಹಿಂಡ್ತಾಳೆ ಅಜ್ಜಿ ಇವಳು. ನನ್ನ ಬೆರಳನ್ನ ಹಗ್ಗದ ಮೇಲೆ ಒಣಗಾಕೋದೊಂದು ಬಾಕಿ."

ಇಬ್ಬರೂ ನಗುವರು. ಪೆಟ್ಟಿಗೆ ನಕ್ಕರೆ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅಲ್ಲಾಡಿದ ಹಾಗಿರುತ್ತಿತ್ತು.

ಅವಳ ಗಂಟಲಿನ ಪಕ್ಕ ಒಂದು ಗಂಟು ಕಾಣಿಸಿಕೊಂಡದ್ದು ರಜೆಯಲ್ಲಿ. ಡಾಕ್ಟರು ತೆಗೆದುಹಾಕಿದರು. ಪ್ರಾಣಕ್ಕೇನೂ ಇಲ್ಲ ಅಂದರು, ನಿಜಕ್ಕೂ ಏನೂ ಆಗಲಿಲ್ಲ. ಆದರೆ ಆ ಗಂಟು ದನಿಯ ನರವೊಂದನ್ನು ಸುತ್ತಿಕೊಂಡು ಬೆಳೆದಿತ್ತಂತೆ. ಹುಡುಗಿ ಆಸ್ಪತ್ರೆಯಿಂದ ಬಂದಳು, ದನಿ ಬರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಹತ್ತಿರ ಕಿವಿಯಿಟ್ಟರೆ ಮಾತು ತಿಳಿಯುತ್ತಿತ್ತು.

ಮೊದಲ ಸಲ ನಮ್ಮ ಮನೆಗೆ ಬಂದಾಗ ಕತ್ತಿಗೊಂದು ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು. ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತು. ಅವಳು ಅದನ್ನು ನೋಡಿ, ತನ್ನತ್ತ ಬೆರಳು ತೋರಿಸಿಕೊಂಡು, "ಅಜ್ಜಿ, ಈಗ ನಾನೂ ಅದೇ ಜಾತಿ ಪೆಟ್ಟಿಗೆ" ಎಂದು ಪಿಸುಗುಟ್ಟಿದಳು.

ನಗಲೇಬೇಕಾಯಿತು. ನಕ್ಕು, ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದೆ.

ಮೊಮ್ಮಗಳು ಅಳಲಿಲ್ಲ. "ಸ್ಪರ್ಧೆ ಹೊತ್ತಿಗೆ ಬಂದ್‌ಬಿಡುತ್ತೆ" ಅಂದಳು, ಪ್ರವಾಸಕ್ಕೆ ಹೋದ ನೆಂಟರ ವಿಷಯ ಹೇಳುವ ಹಾಗೆ. ಲ್ಯಾಬಿನಲ್ಲಿ ಸಾಲಾಗಿ ನಿಲ್ಲುವಾಗ ತನ್ನ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲುತ್ತಿದ್ದಳು. ಯಾರಾದರೂ ಒತ್ತರಿಸಿ ಬಂದರೆ ಮೊಣಕೈಯಿಂದ ಆಚೆ ತಳ್ಳುತ್ತಿದ್ದಳು. ಮೇಡಂ ಕೆಲವು ವಾರ ಕಂಡೂ ಕಾಣದಂತೆ ಇದ್ದರು. ಆಮೇಲೆ ಒಂದು ಬುಧವಾರ ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕರೆತಂದರು. ದಪ್ಪ ಕನ್ನಡಕ, ಸಣ್ಣ ಜೀವ, ದನಿ ಮಾತ್ರ ಬಾವಿಯೊಳಗಿನಿಂದ ಬಂದ ಹಾಗೆ ತಗ್ಗು. ಬಾಗಿಲು ತೆರೆದಿತ್ತು, ಎಲ್ಲವೂ ನನಗೆ ಕೇಳಿಸಿತು.

"ಇವಳು ನಿನ್ನ ಪಕ್ಕ ನಿಲ್ಲಲಿ" ಅಂದರು ಮೇಡಂ.

"ಆ ಜಾಗ ಖಾಲಿ ಇಲ್ಲ ಮೇಡಂ."

"ಅಲ್ಲಿ ಯಾರೂ ನಿಂತಿಲ್ಲವಲ್ಲಮ್ಮ."

"ನಿಲ್ತಾಳೆ."

"ಡಾಕ್ಟರು ಹೇಳಿದ್ದು ನಿಂಗೂ ಗೊತ್ತಲ್ವಾ? ಬಂದ್ರೂ ಬರಬಹುದು, ಬರದೇನೂ ಇರಬಹುದು. ಕೊನೇ ಸ್ವರ ಒಬ್ಬಳೇ ಹಿಡೀತೀಯಾ?"

"ಹಿಡೀತೀನಿ."

"ಹಿಡಿ ನೋಡೋಣ."

ಹಿಡಿದಳು. ಮನೆಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ದಿನಾ ಅದನ್ನೇ ಮಾಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಮೇಲಿನ ದನಿಗಳು ಇನ್ನೂ ಇರುವಾಗಲೇ, ಅವುಗಳ ಮರೆಯಲ್ಲಿ ಒಂದು ಗುಟುಕು ಉಸಿರು ಕದ್ದು, ಅಲ್ಲಿಂದ ಕೊನೆಯವರೆಗೆ ಎಳೆಯುವಳು. ತಾವಿಬ್ಬರೂ ಉಸಿರು ಬದಲಿಸುತ್ತಿದ್ದ ಹಳೆಯ ಜಾಗ ಬಂದಾಗ ಹಲ್ಲು ಕಚ್ಚಿಕೊಂಡು ದಾಟಬೇಕು. ಅಂದು ಲ್ಯಾಬಿನಲ್ಲೂ ದಾಟಿದಳು. ಮುಗಿಸಿದಾಗ ಮುಖ ಕೆಂಪಾಗಿತ್ತು, ಮೇಜು ಹಿಡಿದುಕೊಂಡಳು. ಮೇಡಂ ಕನ್ನಡಕದ ಹುಡುಗಿಯನ್ನು ಮೇಲಿನ ಸಾಲಿಗೆ ಕಳಿಸಿದರು.

ಬಹುಮಾನದ ಆಸೆ ನನ್ನ ಮೊಮ್ಮಗಳಿಗೆ ಇರಲಿಲ್ಲ. ಆ ಒಂದು ಅಡಿ ನೆಲವನ್ನು ಉಳಿಸಿಕೊಂಡರೆ ಗೆಳತಿಯನ್ನೂ ಉಳಿಸಿಕೊಂಡ ಹಾಗೆ ಎಂದು ನಂಬಿಬಿಟ್ಟಿದ್ದಳು.

ಪೆಟ್ಟಿಗೆಗೆ ವಿಷಯ ತಿಳಿಯಿತು. ಮರುದಿನವೇ ಬಂದು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಅಜ್ಜಿ, ಇವಳಿಗೆ ಬುದ್ಧಿ ಹೇಳಿ. ಆ ಜಾಗ ಆ ಹುಡುಗಿಗೆ ಬಿಟ್ಟುಕೊಡ್ಲಿ."

"ನೀನೇ ಹೇಳಮ್ಮ. ನಿನ್ನ ಮಾತಾದ್ರೆ ಕೇಳ್ತಾಳೆ."

"ಹೇಳ್ದೆ ಅಜ್ಜಿ. ಕೇಳಿಸ್ದೇ ಇರೋ ಹಾಗೆ ನಾಟಕ ಆಡ್ತಾಳೆ."

ಮೊಮ್ಮಗಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಏನಂದೆ? ಜೋರಾಗಿ ಹೇಳೇ" ಅಂದಳು.

ಹಳೆಯ ಸಲಿಗೆಯ ಮಾತು. ಬಾಯಿಂದ ಜಾರಿದ ಮೇಲೆ ಅದರ ಹರಿತ ಅವಳಿಗೇ ತಾಕಿತು. ಕೈಯಲ್ಲಿದ್ದ ಅಕ್ಕಿ ತಟ್ಟೆಗೆ ಸುರಿದುಹೋಯಿತು.

ಪೆಟ್ಟಿಗೆ ಕೋಪ ಮಾಡಿಕೊಳ್ಳಲಿಲ್ಲ. ಎದ್ದು ಹೋಗಿ ಅವಳ ಕಿವಿಯ ಹತ್ತಿರವೇ ಬಾಗಿ ಹೇಳಿದಳು. ಅಡುಗೆಮನೆ ಸದ್ದಿಲ್ಲದೆ ಇದ್ದುದರಿಂದ ನನಗೂ ಕೇಳಿಸಿತು. "ನೀನು ಕಾಯ್ತಾ ಇದ್ದೀಯಲ್ಲ, ಅದಕ್ಕೇ ಕಣೇ ಕಷ್ಟ. ದಿನಾ ಬೆಳಿಗ್ಗೆ ಎದ್ದು ಬಾಯಿ ತೆಗೀತೀನಿ. ಬರಲ್ಲ. ಇವತ್ತೂ ನಿಂಗೆ ಮೋಸ ಮಾಡ್ದೆ ಅನ್ಸುತ್ತೆ."

"ಹಾಗೆಲ್ಲ ಅಂದ್ಕೋಬೇಡ. ಸ್ಪರ್ಧೆಗೆ ಬಾ, ಅಷ್ಟೇ ಸಾಕು. ಮುಂದಿನ ಸಾಲಲ್ಲಿ ಅಜ್ಜಿ ಪಕ್ಕ ಕೂತ್ಕೋ. ನೀನು ಕಣ್ಣಿಗೆ ಬಿದ್ರೆ ನಂಗೆ ಧೈರ್ಯ."

"ನಾನು ಬಂದ್ರೆ ನಿಂಗೇ ತೊಂದ್ರೆ ಆಗುತ್ತೆ."

"ಬರ್ಲಿಲ್ಲ ಅಂದ್ರೆ ನಾನು ಹಾಡೋದೇ ಇಲ್ಲ."

ಪೆಟ್ಟಿಗೆ ನನ್ನ ಮುಖ ನೋಡಿದಳು. ನಾನೇನು ಹೇಳಲಿ? ಬಟ್ಟೆಯ ಸುಕ್ಕಾದರೆ ನೀರು ಚಿಮುಕಿಸಿ ತೆಗೆಯಬಹುದು. "ಬಾಮ್ಮ, ನಾನಿರ್ತೀನಿ ಜೊತೆಗೆ" ಅಂದೆ.

ಸ್ಪರ್ಧೆ ಬೇರೊಂದು ಶಾಲೆಯ ದೊಡ್ಡ ಹಾಲಿನಲ್ಲಿ. ನೀಲಿ ನಿಲುವಂಗಿಗಳನ್ನೆಲ್ಲ ನಾನೇ ಇಸ್ತ್ರಿ ಮಾಡಿಕೊಟ್ಟಿದ್ದೆ. ಪೆಟ್ಟಿಗೆಯ ನಿಲುವಂಗಿಯೂ ಆ ರಾಶಿಯಲ್ಲಿ ಬಂದಿತ್ತು. ಅದನ್ನೂ ಮಾಡಿ, ಹ್ಯಾಂಗರಿಗೆ ಹಾಕಿ, ಮನೆಯಲ್ಲೇ ಬಿಟ್ಟುಬಂದಿದ್ದೆ. ಹುಡುಗಿಯರು ಒಬ್ಬರ ಹಿಂದೊಬ್ಬರು ವೇದಿಕೆಗೆ ಬಂದರು. ಮೊಮ್ಮಗಳು ತನ್ನ ಎಡಗಡೆ ಜಾಗ ಬಿಟ್ಟು ನಿಂತಳು. ಬಾಚಿದ ತಲೆಯಲ್ಲಿ ಬೈತಲೆ ಕಂಡ ಹಾಗೆ ಸಾಲಿನಲ್ಲಿ ಆ ಜಾಗ ಎದ್ದು ಕಾಣುತ್ತಿತ್ತು. ನಮ್ಮಿಬ್ಬರನ್ನು ಹುಡುಕಿ, ಕಂಡು, ಗಲ್ಲ ಎತ್ತಿದಳು.

ಹಾಡು ಶುರುವಾಯಿತು. ಪಕ್ಕದಲ್ಲಿದ್ದ ಪೆಟ್ಟಿಗೆ ನನ್ನ ಕೈ ಹಿಡಿದುಕೊಂಡಳು. ಹಾಡು ಸೊಗಸಾಗಿಯೇ ಬಂತು. ಹಿಂದಿನ ಸಾಲಿನಲ್ಲಿ ಗುಸುಗುಸು ಅನ್ನುತ್ತಿದ್ದವರೂ ಸುಮ್ಮನಾದರು. ಕೊನೆಯ ಸ್ವರ ಬಂತು. ಮೇಲಿನ ದನಿಗಳು ಒಂದೊಂದಾಗಿ ನಿಲ್ಲುತ್ತಾ ಬಂದವು. ಮೊಮ್ಮಗಳು ಅವುಗಳ ಮರೆಯಲ್ಲಿ ಆ ಒಂದು ಗುಟುಕು ಕದ್ದದ್ದನ್ನು ನಾನು ಕಂಡೆ. ಇನ್ನು ಚಿಂತೆಯಿಲ್ಲ ಅಂದುಕೊಂಡೆ. ಕಡೆಯ ಮೇಲಿನ ದನಿಯೂ ನಿಂತು, ಅಷ್ಟು ದೊಡ್ಡ ಹಾಲಿನಲ್ಲಿ ಅವಳದೊಂದೇ ಉಳಿಯಿತು. ಅವಳ ಕಣ್ಣು ಗೆಳತಿಯ ಮೇಲೆಯೇ ನೆಟ್ಟಿತ್ತು.

ಆಗ ನನ್ನ ಕಿರುಬೆರಳನ್ನು ಯಾರೋ ಒತ್ತಿದರು.

ತಿರುಗಿ ನೋಡಿದೆ. ಪೆಟ್ಟಿಗೆ ನೆಟ್ಟಗೆ ಕೂತಿದ್ದಳು, ಭುಜ ಎತ್ತಿ, ಬಾಯಿ ಅಗಲವಾಗಿ ತೆರೆದು. ಅವಳಿಂದ ಗಾಳಿ ಹೊರಟಿತು. ಸಣ್ಣದಾಗಿ, ಉದ್ದವಾಗಿ, ಬರೀ ಗಾಳಿ. ಅದೇ ಗಳಿಗೆಯಲ್ಲಿ ಅತ್ತ ವೇದಿಕೆಯ ಮೇಲೆ ಮೊಮ್ಮಗಳು ದನಿ ನಿಲ್ಲಿಸಿ, ಆರಾಮಾಗಿ, ಎದೆ ತುಂಬ ಉಸಿರು ಎಳೆದುಕೊಂಡಳು. ಪಕ್ಕದಲ್ಲಿ ಇನ್ನೊಬ್ಬಳು ಹಿಡಿದುಕೊಂಡಿದ್ದಾಳೆ ಎಂಬ ಭರವಸೆ ಇದ್ದವರು ಮಾತ್ರ ಹಾಗೆ ಉಸಿರು ತೆಗೆದುಕೊಳ್ಳಬಲ್ಲರು.

ಹಾಲಿನಲ್ಲಿ ಸದ್ದೇ ಇಲ್ಲ. ಫ್ಯಾನು ತಿರುಗುವುದು ಕೇಳಿಸಿತು. ಹಾಡು ಮುಗಿಯಿತೇನೋ ಎಂದು ಯಾರೋ ಚಪ್ಪಾಳೆ ತಟ್ಟಿ, ತಪ್ಪಾಯಿತೆಂದು ನಿಲ್ಲಿಸಿದರು. ಮೊಮ್ಮಗಳ ಬಾಯಿ ಮತ್ತೆ ತೆರೆಯಿತು, ಎದೆ ತುಂಬ ಉಸಿರಿತ್ತು, ಆದರೆ ಸ್ವರ ಹೊರಡಲಿಲ್ಲ. ಅವಳು ತನ್ನ ಎಡಗಡೆ ತಿರುಗಿ ಆ ಖಾಲಿ ಜಾಗವನ್ನು ನೋಡುತ್ತಿದ್ದಳು. ಮೊದಲ ಸಲ ನೋಡುವವಳ ಹಾಗೆ.

ಪೆಟ್ಟಿಗೆ ನನ್ನ ಕೈ ಬಿಟ್ಟು ಎದ್ದು ಹೋದಳು.

ಮೇಡಂ ಬಯ್ಯಲಿಲ್ಲ. ನಿಲುವಂಗಿಗಳನ್ನು ಎಣಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿಕೊಂಡರು. ನಾನು ಹೊರಗೆ ಬಂದಾಗ ಇಬ್ಬರೂ ಕೈ ತೊಳೆಯುವ ನಲ್ಲಿಗಳ ಹತ್ತಿರ ಎದುರು ಬದುರು ನಿಂತಿದ್ದರು. ಮೊಮ್ಮಗಳು ಬಿಕ್ಕುತ್ತಿದ್ದಳು. "ನಂದೇ ತಪ್ಪು ಕಣೇ. ನೀನು ಒತ್ತಿದ್ದೆ ಅನ್ನಿಸ್ತು. ಆಣೆಗೂ ಒತ್ತಿದ ಹಾಗೇ ಅನ್ನಿಸ್ತು."

"ಒತ್ತಿದ್ದೆ. ಅಜ್ಜಿ ಕೈನ."

ಮೊಮ್ಮಗಳು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ.

ಪೆಟ್ಟಿಗೆ ಅವಳ ಮುಖವನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಒಂದೊಂದೇ ಮಾತನ್ನು ನಿಧಾನವಾಗಿ ಬಿಟ್ಟಳು. "ನೀನು ಹತ್ರ ಇದ್ರೆ ನಂಗೆ ದನಿ ಇದೆ ಅನ್ಸುತ್ತೆ. ನನ್ನ ಗಂಟಲಿಗೆ ಮರ್ತೇ ಹೋಗುತ್ತೆ. ಆಮೇಲೆ ಇಲ್ಲ ಅನ್ನೋದು ಹೊಸದಾಗಿ ಗೊತ್ತಾಗುತ್ತೆ. ಇವತ್ತು ಅಷ್ಟು ಜನರ ಮುಂದೆ ಗೊತ್ತಾಯ್ತು. ಇನ್ಮೇಲೆ ನನ್ನ ಕರೀಬೇಡ. ಕೋಪ ಇಲ್ಲ ಕಣೇ. ತಡ್ಕೊಳ್ಳಕ್ಕಾಗಲ್ಲ."

"ಎಷ್ಟ್ ದಿನ?" ಎಂದು ಕೇಳಿದಳು ಮೊಮ್ಮಗಳು, ಪುಟ್ಟ ಮಗುವಿನಂತೆ.

ಪೆಟ್ಟಿಗೆ ಅವಳ ಮುಖದಿಂದ ಕೈ ತೆಗೆದು ಹೊರಟುಹೋದಳು.

ಮುಂದಿನ ಬುಧವಾರ ನಾನು ಬೆಂಚಿನಲ್ಲಿ ಕೂತಿದ್ದಾಗ ಮೊಮ್ಮಗಳು ಲ್ಯಾಬಿಗೆ ಹೋಗದೆ ಮೊಗಸಾಲೆಯ ಕೊನೆಯಲ್ಲಿ, ಲೈಬ್ರರಿಯ ಕಿಟಕಿಯ ಹತ್ತಿರ ನಿಂತಿದ್ದಳು. ನಾನೂ ಹೋಗಿ ಅವಳ ಹಿಂದೆ ನಿಂತೆ. ಒಳಗೆ ಪೆಟ್ಟಿಗೆ ಚೆಸ್ ಆಡುತ್ತಿದ್ದಳು. ಅಲ್ಲಿ ಯಾರಿಗೂ ದನಿಯ ಹಂಗಿಲ್ಲ. ಎದುರಿಗಿದ್ದವಳು ಏನೋ ಪೆದ್ದುತನದ ನಡೆ ನಡೆಸಿರಬೇಕು; ಪೆಟ್ಟಿಗೆ ಕುದುರೆಯನ್ನು ಎತ್ತಿ ಹಿಡಿದು ನಕ್ಕಳು. ಭುಜಗಳು ಕುಲುಕಿದವು, ತಲೆ ಹಿಂದಕ್ಕೆ ಹೋಯಿತು, ಎಲ್ಲವೂ ಮೊದಲಿನ ನಗುವೇ. ಸದ್ದು ಮಾತ್ರ ಇರಲಿಲ್ಲ. ಗಾಜಿನ ಈಚೆ ನಿಂತ ನಮಗೆ, ಗಾಜಿನಿಂದಾಗಿಯೇ ಕೇಳಿಸುತ್ತಿಲ್ಲ ಎಂದುಕೊಳ್ಳಬಹುದಾಗಿತ್ತು. ಮೊಮ್ಮಗಳು ಹಾಗೇ ಅಂದುಕೊಂಡು ನಿಂತಿದ್ದಳೋ ಏನೋ. ನಾನು ಕರೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳೇ ತಿರುಗಿ ಲ್ಯಾಬಿನ ಬಾಗಿಲಿಗೆ ಹೋಗಿ ಕನ್ನಡಕದ ಹುಡುಗಿಯನ್ನು ಕರೆದಳು. "ಏಯ್, ಸಂಜೆ ನಮ್ಮನೇಗೆ ಬಾ. ಎಲ್ಲಿ ಉಸಿರು ತಗೋಬೇಕು ಅಂತ ಹೇಳ್ಕೊಡ್ತೀನಿ."

ಹುಡುಗಿ ಬಂದಳು. ಬಾಗಿಲಿಗೆ ಒರಗಿ ನಿಂತಳು, ಎಡಗಡೆಗೆ. ಮೊಮ್ಮಗಳು ತಡೆಯಲಿಲ್ಲ.

"ನೀವಿಬ್ರೂ ಬೆರಳು ಹಿಡ್ಕೊಳ್ತಿದ್ರಂತಲ್ಲ ಅಕ್ಕಾ. ನಾನೂ ಹಿಡ್ಕೊಳ್ಲಾ?" ಎಂದು ಆ ಮಗು ಕೈ ಚಾಚಿತು.

"ಅದು ಬೇಡ" ಅಂದಳು ಮೊಮ್ಮಗಳು. "ತಲೆ ಅಲ್ಲಾಡಿಸು, ಸಾಕು."

ಹಾಡಿದರು. ಚಿಕ್ಕವಳು ಚುರುಕು, ಬೇಗ ಹಿಡಿತಕ್ಕೆ ತಂದುಕೊಂಡಳು. ಕೊನೆಯ ಸ್ವರ ಎಲ್ಲಿಯೂ ತುಂಡಾಗದೆ ಅಡುಗೆಮನೆಯ ತುಂಬ ನಿಂತು, ಕರಗಿತು.

"ಅಜ್ಜಿ, ಎಲ್ಲಿ ಉಸಿರು ತಗೊಂಡ್ವಿ ಗೊತ್ತಾಯ್ತಾ?" ಎಂದಳು ಚಿಕ್ಕವಳು, ಕಣ್ಣರಳಿಸಿ.

"ಇಲ್ಲಮ್ಮ" ಅಂದೆ. "ಗೊತ್ತಾಗ್ಲಿಲ್ಲ."

ಸುಳ್ಳೇನೂ ಹೇಳಲಿಲ್ಲ. ಹಾಡುವಷ್ಟು ಹೊತ್ತೂ ನನ್ನ ಗಮನ ಅವರ ಉಸಿರಿನ ಮೇಲೆ ಇರಲೇ ಇಲ್ಲ. ಮೊಮ್ಮಗಳು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದಳು, ಇಸ್ತ್ರಿ ಮೇಜಿನ ಕಡೆಯಿಂದ ನನಗೆ ಅದೇ ಕಾಣುತ್ತಿತ್ತು. ತನ್ನ ಬಲಗೈಯ ಕಿರುಬೆರಳನ್ನು ತನ್ನದೇ ಎಡಗೈಯ ಕಿರುಬೆರಳಿಗೆ ಕೊಕ್ಕೆ ಹಾಕಿಕೊಂಡಿದ್ದಳು. ಹಳೆಯ ಜಾಗ ಬಂದಾಗ ಅದನ್ನು, ಉಗುರು ಬೆಳ್ಳಗಾಗುವಷ್ಟು, ತಾನೇ ಒತ್ತಿಕೊಂಡಳು.